ಬಿಸಿಯಾದಾಗ ಮಾತ್ರ ಸೆಲ್ಫ್ ಎತ್ತದ ಹತ್ತು ಚಕ್ರದ ಲಾರಿ: ಎಲ್ಲಿಂದ ಹುಡುಕಬೇಕು?

ರಾಣೆಬೆನ್ನೂರು ಲಾರಿ:
ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿನಿಂದ ನನ್ನ ಗಾಡಿ ನಿದ್ದೆ ಕೆಡಿಸಿದೆ. ಹತ್ತು ಚಕ್ರದ ಲಾರಿ, 2015ರ ಮಾದರಿ, ಬಿಎಸ್-3 (ಹೊಗೆ ನಿಯಮದ ಹಳೆಯ ಹಂತ), ಆರು ಸಿಲಿಂಡರ್, ಹಳೆಯ ರೀತಿಯ ಡೀಸೆಲ್ ಪಂಪು. ನಮ್ಮ ಕಡೆಯ ಮೆಕ್ಕೆಜೋಳ ತುಂಬಿಕೊಂಡು ತಮಿಳುನಾಡಿನ ನಾಮಕ್ಕಲ್‌ಗೆ ಹೋಗುತ್ತೇನೆ, ಬರುವಾಗ ಸೇಲಂ ಸುತ್ತಮುತ್ತ ಸಿಕ್ಕ ಲೋಡು ಹಿಡಿಯುತ್ತೇನೆ. ಮಾಲೀಕನೂ ನಾನೇ, ಚಾಲಕನೂ ನಾನೇ.

ಬೆಳಿಗ್ಗೆ ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಲೋಡು ಹೇರಿಕೊಂಡು ತೊಪ್ಪೂರು ಘಾಟಿ ಹತ್ತಿ, ಧರ್ಮಪುರಿ ಹತ್ತಿರ ಚಹಾಕ್ಕೆಂದು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ 'ಟಕ್' ಎನ್ನುತ್ತದೆ, ಮುಂದೆ ಏನೂ ಇಲ್ಲ. ಮುಕ್ಕಾಲು ಗಂಟೆ ಕಾದರೆ ಮತ್ತೆ ಹತ್ತಿಕೊಳ್ಳುತ್ತದೆ. ಎಲ್ಲ ಸಲವೂ ಹೀಗಾಗುವುದಿಲ್ಲ. ವಾರಕ್ಕೆ ಎರಡು ಬಾರಿ ಆದದ್ದಿದೆ, ಹದಿನೈದು ದಿನ ಏನೂ ಆಗದೆ ಇದ್ದದ್ದೂ ಇದೆ. ಮೆಕ್ಯಾನಿಕ್ ಮುಂದೆ ನಿಲ್ಲಿಸಿದರೆ ಒಮ್ಮೆಯೂ ಕೈಕೊಡುವುದಿಲ್ಲ.

ಇದುವರೆಗೆ ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರ್ ಪೂರ್ತಿ ಬದಲಿಸಿದೆ, ಹದಿನೈದು ದಿನ ಸರಿಯಿತ್ತು. ಎರಡು ಬ್ಯಾಟರಿಗಳಲ್ಲಿ ಒಂದನ್ನು ಹೊಸದು ಹಾಕಿಸಿದೆ. ಕೀ ಸ್ವಿಚ್ ಹೊಸದು, ಸೆಲ್ಫ್ ರಿಲೇ ಹೊಸದು. ಒಟ್ಟು ಮೂವತ್ತೆರಡು ಸಾವಿರ ರೂಪಾಯಿ ಹೋಗಿದೆ. ಈಗ ಊಟಕ್ಕೆ ನಿಲ್ಲಿಸಿದರೂ ಎಂಜಿನ್ ಆರಿಸಲು ಭಯವಾಗುತ್ತದೆ, ಸುಮ್ಮನೆ ಡೀಸೆಲ್ ಸುಡುತ್ತಿದ್ದೇನೆ. ಗೊತ್ತಿದ್ದವರು ದಯವಿಟ್ಟು ದಾರಿ ತೋರಿಸಿ.

ತುಮಕೂರು ಹಳೆಯ ಚಾಲಕ:
ತಮ್ಮಾ, ಮೂವತ್ತು ವರ್ಷ ಸ್ಟೀರಿಂಗ್ ಹಿಡಿದ ಅನುಭವದಿಂದ ಹೇಳುತ್ತೇನೆ. ಮೊದಲು ಬ್ಯಾಟರಿ ಟರ್ಮಿನಲ್‌ಗಳನ್ನು ಕೈಯಲ್ಲಿ ತಿರುಗಿಸಿ ನೋಡು, ಅಲುಗಾಡಿದರೆ ಅಲ್ಲೇ ರೋಗ. ಅದು ಬಿಗಿಯಾಗಿದ್ದರೆ, ಗಾಡಿ ಕೈಕೊಟ್ಟಾಗ ಒಬ್ಬರಿಗೆ ಕೀಲಿ ಹಿಡಿಸಿ, ಸೆಲ್ಫ್ ಮೋಟಾರಿನ ಮೈಮೇಲೆ ಮರದ ತುಂಡಿನಿಂದ ಮೆಲ್ಲಗೆ ತಟ್ಟು. ತಟ್ಟಿದೊಡನೆ ತಿರುಗಿದರೆ ಒಳಗಿನ ಕಾರ್ಬನ್ ಬ್ರಶ್ ಸವೆದಿದೆ ಎಂದರ್ಥ. ಹೊಸ ಸೆಲ್ಫ್ ಎಂದಿದ್ದೀಯಲ್ಲ, ಅದು ನಿಜಕ್ಕೂ ಹೊಸದೋ, ರಿಪೇರಿ ಮಾಡಿ ಬಣ್ಣ ಬಳಿದದ್ದೋ?

ಇನ್ನೊಂದು ಮಾತು. ಗಾಡಿಯ ಕೆಳಗೆ ಮಲಗಿ ಸ್ಕ್ರೂ ಡ್ರೈವರಿನಿಂದ ಸೆಲ್ಫಿನ ಎರಡು ಬೋಲ್ಟುಗಳನ್ನು ಜೋಡಿಸಿ ಸ್ಟಾರ್ಟ್ ಮಾಡುವ ಚಾಳಿ ನಮ್ಮಲ್ಲಿ ಹಲವರಿಗಿದೆ. ಗಾಡಿ ಗೇರಿನಲ್ಲಿದ್ದರೆ ಅದು ಮುಂದಕ್ಕೆ ಹಾರುತ್ತದೆ, ಕೆಳಗಿದ್ದವನು ಚಕ್ರಕ್ಕೆ ಸಿಗುತ್ತಾನೆ. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ, ಆ ಹುಡುಗನಿಗೆ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಎಂಥ ಅವಸರವಿದ್ದರೂ ಆ ಕೆಲಸ ಮಾತ್ರ ಮಾಡಬೇಡ.

ಶಿವಮೊಗ್ಗ ಡೀಸೆಲ್ ಮೆಕ್ಯಾನಿಕ್:
ಎಂಜಿನ್ ತಿರುಗುವುದೇ ಇಲ್ಲ ಎಂದು ಹೇಳಿದ್ದರಿಂದ ಡೀಸೆಲ್ ಕಡೆ ನೋಡುವ ಅಗತ್ಯವಿಲ್ಲ. ಸೆಲ್ಫ್ ಚೆನ್ನಾಗಿ ತಿರುಗಿಸಿಯೂ ಹತ್ತದಿದ್ದರೆ ಆಗ ಫಿಲ್ಟರ್, ನೀರು, ಪೈಪಿನಲ್ಲಿ ಗಾಳಿ ಎಂದು ಹುಡುಕಬೇಕು. ಈ ಎರಡನ್ನೂ ಕಲಸಿಕೊಂಡು ಪಂಪ್ ಬಿಚ್ಚಿಸಿದವರನ್ನು ನಾನು ಬಹಳ ನೋಡಿದ್ದೇನೆ.

ನನಗೆ ಅನುಮಾನವಿರುವುದು ಫ್ಲೈವೀಲ್ (ಎಂಜಿನ್ನಿನ ಹಿಂದಿನ ಭಾರದ ಚಕ್ರ) ಹಲ್ಲಿನ ಮೇಲೆ. ಆರು ಸಿಲಿಂಡರಿನ ಎಂಜಿನ್ ಆರಿಸಿದಾಗ ಫ್ಲೈವೀಲ್ ಹೆಚ್ಚುಕಡಿಮೆ ಮೂರೇ ಜಾಗಗಳಲ್ಲಿ ಬಂದು ನಿಲ್ಲುತ್ತದೆ. ಸೆಲ್ಫಿನ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ ವರ್ಷಗಟ್ಟಲೆ ಅದೇ ಹಲ್ಲುಗಳಿಗೆ ಬಡಿದು ಅವು ಸವೆಯುತ್ತವೆ. ಆ ಜಾಗದಲ್ಲಿ ನಿಂತ ದಿನ ಎತ್ತುವುದಿಲ್ಲ, ಸ್ವಲ್ಪ ಆಚೆ ನಿಂತ ದಿನ ಎತ್ತುತ್ತದೆ. ಒಮ್ಮೆ ಆಗುವುದು, ಒಮ್ಮೆ ಆಗದಿರುವುದು ಎಂದರೆ ಬಹಳ ಸಲ ಇದೇ.

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್:
ಶಿವಮೊಗ್ಗದವರ ಮಾತು ಸರಿಯಾದದ್ದೇ. ಆದರೆ ಹಲ್ಲು ಸವೆದಿದ್ದರೆ 'ಗರ್ರ್' ಎಂದು ಕೊರೆಯುವ ಸದ್ದು, ಇಲ್ಲವೆ ಸೆಲ್ಫ್ ಖಾಲಿ ತಿರುಗುವ ಸದ್ದು ಬರಬೇಕು. ಮುಕ್ಕಾಲು ಗಂಟೆ ಕಾದ ಮಾತ್ರಕ್ಕೆ ಹಲ್ಲು ಸರಿಹೋಗುವುದೂ ಇಲ್ಲ, ಏಕೆಂದರೆ ಎಂಜಿನ್ ನಿಂತಲ್ಲೇ ನಿಂತಿರುತ್ತದೆ. ಇಲ್ಲಿ ಬಿಸಿಯ ಕೈವಾಡ ಇದೆ.

ರಾಣೆಬೆನ್ನೂರಿನವರೇ, ಎರಡು ಪ್ರಶ್ನೆ. 'ಟಕ್' ಒಂದೇ ಸಲವೇ, 'ಟಕಟಕಟಕ' ಎಂದು ಬಡಿದುಕೊಳ್ಳುತ್ತದೆಯೇ? ಆ ಹೊತ್ತಿಗೆ ಹೆಡ್‌ಲೈಟ್ ಹಾಕಿದ್ದರೆ ಬೆಳಕು ಪೂರ್ತಿ ಕುಗ್ಗುತ್ತದೆಯೇ, ಹಾಗೇ ಇರುತ್ತದೆಯೇ? ಬಡಿದುಕೊಂಡು ಬೆಳಕೂ ಸತ್ತರೆ ಬ್ಯಾಟರಿ ಕಡೆ ನೋಡಬೇಕು. ಒಂದೇ ಟಕ್ ಎಂದು ಬೆಳಕು ಹಾಗೇ ಇದ್ದರೆ, ಬ್ಯಾಟರಿಯ ಕರೆಂಟು ಸೆಲ್ಫಿನವರೆಗೆ ಹೋಗಿ ಮರಳುವ ದಾರಿಯಲ್ಲಿ ಎಲ್ಲೋ ತಡೆ ಇದೆ. ಟಕ್ ಎಂಬ ಸದ್ದೇ ಇಲ್ಲದಿದ್ದರೆ ಕೀ ಸ್ವಿಚ್, ರಿಲೇ, ಸಾಲಿನಾಯ್ಡಿಗೆ (ಸೆಲ್ಫಿನ ಮೇಲಿನ ವಿದ್ಯುತ್ ಅಯಸ್ಕಾಂತದ ಸ್ವಿಚ್ಚು) ಹೋಗುವ ಸಣ್ಣ ವೈರು.

ಇನ್ನು ಮುಂದೆ ಒಂದು ಸಾಮಾನನ್ನೂ ಕೊಳ್ಳಬೇಡಿ. ಐನೂರು ರೂಪಾಯಿಯ ಮಲ್ಟಿಮೀಟರ್ ಒಂದನ್ನು ಕೊಂಡು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ. ಗಾಡಿ ಸರಿಯಿರುವಾಗ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅಳೆಯಬೇಕಾದದ್ದು ಅದು ಕೈಕೊಟ್ಟ ಆ ಮುಕ್ಕಾಲು ಗಂಟೆಯಲ್ಲಿ. ಮೆಕ್ಯಾನಿಕ್ ಆಗ ಅಲ್ಲಿರುವುದಿಲ್ಲ, ನೀವಿರುತ್ತೀರಿ.

ರಾಣೆಬೆನ್ನೂರು ಲಾರಿ:
ಒಂದೇ ಸಲ, ಅದೂ ಮೆತ್ತಗೆ 'ಟಕ್'. ಬೆಳಕು ತುಸು ಮಂಕಾಗುತ್ತದೆ, ಸಾಯುವುದಿಲ್ಲ. ತುಮಕೂರಿನ ಅಣ್ಣ ಹೇಳಿದಂತೆ ಹೋದ ವಾರ ಸೆಲ್ಫ್ ತಟ್ಟಿ ನೋಡಿದೆ, ಏನೂ ಆಗಲಿಲ್ಲ. ಸೆಲ್ಫ್ ಹೊಸದೇ, ಡಬ್ಬ ಒಡೆದು ಕೊಟ್ಟದ್ದನ್ನು ನೋಡಿದ್ದೇನೆ. ಮೀಟರ್ ಕೊಂಡೆ. ತಣ್ಣಗಿರುವಾಗ ಬ್ಯಾಟರಿಗಳನ್ನು ಬೇರೆ ಬೇರೆ ಅಳೆದೆ: ಹಳೆಯದು 12.7, ಎರಡು ತಿಂಗಳ ಹಿಂದೆ ಹಾಕಿಸಿದ ಹೊಸದು 12.2. ಹೊಸದರಲ್ಲೇ ಕಡಿಮೆ ಏಕೆ?

ದಾವಣಗೆರೆ ಬ್ಯಾಟರಿ ಅಂಗಡಿ:
ಇದಕ್ಕೆ ನಾನು ಉತ್ತರಿಸುತ್ತೇನೆ. ಹಾಡಿನ ಸೆಟ್ಟು, ಮೊಬೈಲ್ ಚಾರ್ಜರ್, ಫ್ಯಾನು, ಇವುಗಳಿಗೆ ಒಂದೇ ಬ್ಯಾಟರಿಯಿಂದ ವೈರು ಎಳೆದಿದ್ದಾರೆಯೇ ನೋಡಿ. ಲಾರಿಯದು 24 ವೋಲ್ಟ್, ಈ ಸಾಮಾನುಗಳದು 12. ಅದಕ್ಕಾಗಿ ಅರ್ಥ್ (ಚಾಸಿಸ್ಸಿಗೆ ಸೇರುವ ಮೈನಸ್) ಕಡೆಯ ಬ್ಯಾಟರಿ ಒಂದರಿಂದಲೇ 12 ವೋಲ್ಟ್ ಕದಿಯುತ್ತಾರೆ. ಡೈನಮೋ ಎರಡಕ್ಕೂ ಒಂದೇ ಸಾಲಿನಲ್ಲಿ ಚಾರ್ಜ್ ಕಳುಹಿಸುತ್ತದೆ, ಖರ್ಚಾಗುವುದು ಮಾತ್ರ ಒಂದರಿಂದ. ಕೊನೆಗೆ ಒಂದು ಯಾವಾಗಲೂ ಹಸಿದಿರುತ್ತದೆ, ಇನ್ನೊಂದು ಅತಿಯಾಗಿ ತಿಂದು ನೀರು ಕುದಿಸಿಕೊಳ್ಳುತ್ತದೆ. ವರ್ಷದೊಳಗೆ ಎರಡೂ ಹಾಳು. ನನ್ನ ಅಂಗಡಿಗೆ ವಾರಂಟಿ ಎಂದು ತರುವ ಲಾರಿ ಬ್ಯಾಟರಿಗಳಲ್ಲಿ ಈ ಕಥೆ ಮತ್ತೆ ಮತ್ತೆ ಬರುತ್ತದೆ.

24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ, ಅದನ್ನು ಹಾಕಿಸಿ. ಹಳೆಯದು ಒಂದು ಹೊಸದು ಒಂದು ಎಂದು ಜೋಡಿಸುವುದೂ ತಪ್ಪು, ಬದಲಿಸಿದರೆ ಜೋಡಿಯನ್ನೇ ಬದಲಿಸಬೇಕು. ಈಗಂತೂ ಎರಡನ್ನೂ ಬಿಚ್ಚಿ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿಸಿ, ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಪ್ರತಿ ಸೆಲ್ ನೋಡಿಸಿ. 1.250ರ ಆಸುಪಾಸಿನಲ್ಲಿ ಎಲ್ಲ ಸೆಲ್ಲುಗಳೂ ಸಮವಾಗಿರಬೇಕು.

ರಾಣೆಬೆನ್ನೂರು ಲಾರಿ:
ನೀವು ನೋಡಿದಂತೆಯೇ ಹೇಳಿದ್ದೀರಿ. ಹಾಡಿನ ಸೆಟ್ಟು, ಎರಡು ಚಾರ್ಜರ್, ಕ್ಯಾಬಿನ್ನಿನ ಫ್ಯಾನು, ಎಲ್ಲವೂ ಆ ಒಂದೇ ಬ್ಯಾಟರಿಯ ಮೇಲಿದ್ದವು. ಕನ್ವರ್ಟರ್ ಹಾಕಿಸಿದೆ, ಎರಡನ್ನೂ ಚಾರ್ಜ್ ಮಾಡಿಸಿದೆ. ಈಗ ಎರಡೂ 12.7. ನಾಳೆ ನಾಮಕ್ಕಲ್‌ಗೆ ಹೊರಡುತ್ತೇನೆ.

ರಾಣೆಬೆನ್ನೂರು ಲಾರಿ:
ಬೇಸರದ ಸುದ್ದಿ. ಬರುವಾಗ ಮತ್ತೆ ಅದೇ ಜಾಗ, ಅದೇ 'ಟಕ್'. ಬ್ಯಾಟರಿಯ ಎರಡು ತುದಿಗಳಲ್ಲಿ ಮಾತ್ರ ಅಳೆಯಲು ಸಾಧ್ಯವಾಯಿತು. ಕೀಲಿ ತಿರುಗಿಸುವ ಮುಂಚೆ 25.2, ತಿರುಗಿಸಿದಾಗ 24.8. ಅಷ್ಟರಲ್ಲಿ ಹಿಂದಿನಿಂದ ಬಂದ ಪರಿಚಯದ ಗಾಡಿಯವರು ಎಳೆದು ಸ್ಟಾರ್ಟ್ ಮಾಡಿಸಿದರು.

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್:
ಇದು ಬೇಸರದ ಸುದ್ದಿಯಲ್ಲ, ನಾಲ್ಕು ತಿಂಗಳಲ್ಲಿ ಸಿಕ್ಕ ಮೊದಲ ನಿಜವಾದ ಸುಳಿವು. ಸೆಲ್ಫ್ ಎಂಜಿನನ್ನು ತಿರುಗಿಸಿದ್ದರೆ ನೂರಾರು ಆಂಪಿಯರ್ ಎಳೆದು ಬ್ಯಾಟರಿ 20, 21ಕ್ಕೆ ಇಳಿಯಬೇಕಿತ್ತು. 24.8ರಲ್ಲಿ ನಿಂತಿದೆ ಎಂದರೆ ಸೆಲ್ಫಿಗೆ ಕರೆಂಟೇ ತಲುಪುತ್ತಿಲ್ಲ. ಬ್ಯಾಟರಿ ನಿರಪರಾಧಿ. ದಾವಣಗೆರೆಯವರು ಹಿಡಿದದ್ದೂ ನಿಜವಾದ ದೋಷವೇ, ಆದರೆ ಈ ಟಕ್ ಅದರಿಂದ ಬಂದದ್ದಲ್ಲ.

ಟೆಸ್ಟ್ ಲ್ಯಾಂಪ್ ಹಿಡಿದು 'ಲೈಟ್ ಉರಿಯುತ್ತಿದೆ, ಕೇಬಲ್ ಸರಿ ಇದೆ' ಎನ್ನುವುದನ್ನು ದಿನವೂ ಕೇಳುತ್ತೇನೆ. ಲೆಕ್ಕ ನೋಡಿ. ಕೇಬಲ್ಲಿನ ಒಂದು ತುದಿಯಲ್ಲಿ 0.005 ಓಮ್ ತಡೆ ಇದೆ ಎನ್ನಿ. ಒಂದು ಆಂಪಿಯರ್ ಎಳೆಯುವ ಬಲ್ಬಿಗೆ ಅಲ್ಲಿ ನಷ್ಟವಾಗುವುದು 0.005 ವೋಲ್ಟ್, ಅಂದರೆ ಏನೂ ಇಲ್ಲ. ಸೆಲ್ಫ್ 400 ಆಂಪಿಯರ್ ಎಳೆದರೆ ಅದೇ ಜಾಗದಲ್ಲಿ 2 ವೋಲ್ಟ್ ಹೋಗುತ್ತದೆ. ತಡೆ ಇನ್ನೂ ಹೆಚ್ಚಿದ್ದರೆ ಸೆಲ್ಫ್ ಅಲುಗಾಡುವುದೂ ಇಲ್ಲ, ಬಲ್ಬು ಮಾತ್ರ ಉರಿಯುತ್ತಲೇ ಇರುತ್ತದೆ. ಹಾಗಾಗಿ ಭಾರ ಬಿದ್ದಿರುವಾಗಲೇ ಅಳೆಯಬೇಕು.

ಮುಂದಿನ ಸಲ ಹೀಗೆ ಮಾಡಿ. ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿರಬೇಕು, ಚಕ್ರಕ್ಕೆ ಕಲ್ಲು ಕೊಡಿ. ಕ್ಲೀನರ್ ಕೀಲಿ ಹಿಡಿದುಕೊಳ್ಳಲಿ. ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೆ, ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ ಒತ್ತಿ. ಇನ್ನೊಂದನ್ನು ಸೆಲ್ಫಿನ ದಪ್ಪ ಕೇಬಲ್ ಬರುವ ಬೋಲ್ಟಿಗೆ. ಕೀಲಿ ತಿರುಗಿಸಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಆಮೇಲೆ ಮೈನಸ್ ಕಂಬದಿಂದ ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಕಬ್ಬಿಣಕ್ಕೆ. ಅಲ್ಲೂ ಅರ್ಧ ವೋಲ್ಟಿನೊಳಗೇ ಇರಬೇಕು. ಈ ಎರಡನೆಯದನ್ನು ಬಿಡಬೇಡಿ. ಪ್ಲಸ್ ಕೇಬಲನ್ನು ಎಲ್ಲರೂ ನೋಡುತ್ತಾರೆ, ಅರ್ಥ್ ಕಡೆ ತಿರುಗಿ ನೋಡುವವರು ಕಡಿಮೆ.

ದಮ್ಮಾಮ್ ಟ್ರೇಲರ್:
ನಾನು ಮಂಗಳೂರಿನವನು, ಇಲ್ಲಿ ಟ್ರೇಲರ್ ಓಡಿಸುತ್ತೇನೆ. ಬೇಸಿಗೆಯಲ್ಲಿ ಇಂಥ ದೂರು ಇಲ್ಲಿಯೂ ಸಾಮಾನ್ಯ. ತಾಮ್ರ ಬಿಸಿಯಾದಷ್ಟೂ ಅದರ ತಡೆ ಹೆಚ್ಚುತ್ತದೆ, ಪ್ರತಿ ಡಿಗ್ರಿಗೆ ಶೇಕಡಾ 0.4ರಷ್ಟು. 30 ಡಿಗ್ರಿಯಲ್ಲಿದ್ದ ಸಾಲಿನಾಯ್ಡ್ ಸುರುಳಿ ಎಂಜಿನ್ ಪಕ್ಕದಲ್ಲಿ ಕಾದು 100 ಡಿಗ್ರಿ ಮುಟ್ಟಿದರೆ ಅದರಲ್ಲಿ ಹರಿಯುವ ಕರೆಂಟು ಸುಮಾರು ಐದನೇ ಒಂದು ಭಾಗ ಕುಗ್ಗುತ್ತದೆ, ಅದರೊಂದಿಗೆ ಎಳೆಯುವ ಶಕ್ತಿಯೂ ಇಳಿಯುತ್ತದೆ. ಎಂಜಿನ್ ಆರಿಸಿದ ಮೇಲಿನ ಹತ್ತು ಹದಿನೈದು ನಿಮಿಷ ಸೆಲ್ಫ್ ಇನ್ನಷ್ಟು ಕಾಯುತ್ತದೆ, ಏಕೆಂದರೆ ಗಾಳಿ ಬೀಸುವುದು ನಿಂತಿರುತ್ತದೆ. ಬೇರೆಲ್ಲೋ ಇರುವ ಸಣ್ಣ ದೋಷ ಬೆಳಿಗ್ಗೆ ಕಾಣದೆ ಈ ಹೊತ್ತಿನಲ್ಲಿ ತಲೆ ಎತ್ತುವುದು ಅದಕ್ಕೇ. ಬಿಸಿ ಸ್ವತಃ ರೋಗವಲ್ಲ, ಸಣ್ಣ ರೋಗವನ್ನು ಹೊರಗೆಳೆಯುತ್ತದೆ.

ಸಂಡೂರು ಟಿಪ್ಪರ್:
ಬಹಳ ದಿನಗಳಿಂದ ಓದುತ್ತಿದ್ದೇನೆ, ಈಗ ಒಂದು ಪ್ರಶ್ನೆ ಕೇಳಲೇಬೇಕು. ರಾಣೆಬೆನ್ನೂರಿನ ಅಣ್ಣಾವರೇ, ಈ ನಾಲ್ಕು ತಿಂಗಳಲ್ಲಿ ಆಕ್ಸಿಲರೇಟರ್ ಕೇಬಲ್ ಏನಾದರೂ ತೊಂದರೆ ಕೊಟ್ಟಿತೇ? ಬಿಗಿಯಾಗುವುದು, ಹೊರಗಿನ ಪ್ಲಾಸ್ಟಿಕ್ ಕರಗುವುದು?

ನನ್ನ ಟಿಪ್ಪರಿನಲ್ಲಿ ಹೀಗಾಗಿತ್ತು. ಅದಿರಿನ ಕೆಂಪು ಧೂಳು ಮಳೆನೀರಿನ ಜೊತೆ ಸೇರಿ ಎಂಜಿನ್ನನ್ನು ಚಾಸಿಸ್ಸಿಗೆ ಜೋಡಿಸುವ ಅರ್ಥ್ ಪಟ್ಟಿಯನ್ನು ತಿಂದುಹಾಕಿತ್ತು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟು ಹೋಗುವುದಿಲ್ಲ. ಆ ಪಟ್ಟಿ ಹೋದರೆ ಸೆಲ್ಫಿನ ಕರೆಂಟು ಸಿಕ್ಕಸಿಕ್ಕ ಕಬ್ಬಿಣ ಹಿಡಿದು ಚಾಸಿಸ್‌ಗೆ ಮರಳಲು ನೋಡುತ್ತದೆ. ನನ್ನ ಗಾಡಿಯಲ್ಲಿ ಅದು ಆಕ್ಸಿಲರೇಟರ್ ಕೇಬಲ್ ಹಿಡಿದಿತ್ತು. ಕ್ಯಾಬಿನ್ನಿನಲ್ಲಿ ಸುಟ್ಟ ವಾಸನೆ ಬಂದಾಗಲೇ ನನಗೆ ಗೊತ್ತಾದದ್ದು.

ರಾಣೆಬೆನ್ನೂರು ಲಾರಿ:
ಅಣ್ಣಾ, ನಿಮ್ಮ ಮಾತು ಓದಿ ಮೈ ಜುಮ್ಮೆಂದಿತು. ಆಕ್ಸಿಲರೇಟರ್ ಕೇಬಲನ್ನು ಎರಡು ಸಲ ಬದಲಿಸಿದ್ದೇನೆ. ಎರಡು ಸಲವೂ ಅದು ಒಳಗೆ ಅಂಟಿಕೊಂಡಂತೆ ಬಿಗಿಯಾಗಿತ್ತು. ಸೈಲೆನ್ಸರ್ ಪೈಪಿಗೆ ತಾಗಿ ಕರಗಿದೆ ಎಂದು ಮೆಕ್ಯಾನಿಕ್ ಹೇಳಿದ್ದರು, ನಾನೂ ನಂಬಿದೆ. ಅದಕ್ಕೂ ಸೆಲ್ಫಿಗೂ ಸಂಬಂಧವಿದೆ ಎಂದು ಕನಸಿನಲ್ಲಿಯೂ ಎಣಿಸಿರಲಿಲ್ಲ, ಆದ್ದರಿಂದಲೇ ಇಲ್ಲಿ ಹೇಳಲಿಲ್ಲ.

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್:
ಸಂಡೂರಿನವರಿಗೆ ಕೈ ಮುಗಿಯುತ್ತೇನೆ, ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ಆದರೂ ಅಳೆಯದೆ ಪಟ್ಟಿ ಬದಲಿಸಬೇಡಿ. ಬದಲಿಸಿದ ಮೇಲೆ ಸರಿಹೋದರೂ ಏಕೆ ಸರಿಹೋಯಿತು ಎಂಬ ಅನುಮಾನ ಉಳಿಯುತ್ತದೆ, ತೊಪ್ಪೂರಿನಲ್ಲಿ ಮತ್ತೆ ಭಯ ಶುರುವಾಗುತ್ತದೆ. ಅರ್ಥ್ ಕಡೆ ದೋಷ ಕಂಡರೆ ಚಾಸಿಸ್ಸಿಗೂ ಎಂಜಿನ್ನಿಗೂ ನಡುವೆ ಹಾಕಿ ನೋಡಲು ಒಂದು ದಪ್ಪ ಜಂಪರ್ ಕೇಬಲ್ ಜೊತೆಗಿಟ್ಟುಕೊಳ್ಳಿ.

ರಾಣೆಬೆನ್ನೂರು ಲಾರಿ:
ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಧರ್ಮಪುರಿ ಹತ್ತಿರ ಕೈಕೊಟ್ಟಿತು. ನಾಲ್ಕು ತಿಂಗಳಲ್ಲಿ ಮೊದಲ ಬಾರಿ ಆ 'ಟಕ್' ಕೇಳಿ ಸಂತೋಷವಾಯಿತು.

ಕ್ಲೀನರ್ ಹುಡುಗ ಕೀಲಿ ಹಿಡಿದ. ನಾನು ಮೊಬೈಲ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಅಳೆದೆ. ಪ್ಲಸ್ ಕಂಬದಿಂದ ಸೆಲ್ಫ್ ಬೋಲ್ಟಿಗೆ: 0.1. ಮೈನಸ್ ಕಂಬದಿಂದ ಎಂಜಿನ್ ಬ್ಲಾಕಿಗೆ: 11.4. ನಂಬಿಕೆಯಾಗದೆ ಮೂರು ಸಲ ಅಳೆದೆ, ಮೂರು ಸಲವೂ ಹನ್ನೊಂದರ ಮೇಲೆಯೇ. ಮೈನಸ್ ಕಂಬದಿಂದ ಚಾಸಿಸ್‌ಗೆ ಅಳೆದರೆ 0.1. ಅಂದರೆ ಬ್ಯಾಟರಿಯಿಂದ ಚಾಸಿಸ್‌ವರೆಗೆ ಸರಿ, ಚಾಸಿಸ್ಸಿಗೂ ಎಂಜಿನ್ನಿಗೂ ನಡುವೆ ಕಡಿದುಹೋಗಿದೆ.

ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಚಾಸಿಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಎತ್ತುವ ಕೊಕ್ಕೆಗೆ ಕಚ್ಚಿಸಿದೆ. ಹುಡುಗನಿಗೆ 'ಹೊಡಿ' ಎಂದೆ. ಒಂದೇ ಏಟಿಗೆ ಹತ್ತಿಕೊಂಡಿತು. ಮಾತು ಬರಲಿಲ್ಲ, ಆ ಹುಡುಗನನ್ನು ಅಪ್ಪಿಕೊಂಡೆ.

ಬೆಳಿಗ್ಗೆ ಕೃಷ್ಣಗಿರಿಯಲ್ಲಿ ಅರ್ಥ್ ಕೇಬಲ್ ಬಿಚ್ಚಿದೆ. ಹೊರಗಿನಿಂದ ನೋಡಿದರೆ ಕಪ್ಪು ರಬ್ಬರು ಹೊಸದರಂತಿದೆ, ಎರಡು ತುದಿಯ ಲಗ್ಗುಗಳೂ (ಬೋಲ್ಟಿಗೆ ಹಾಕುವ ಲೋಹದ ಕಿವಿ) ಬಿಗಿಯಾಗಿವೆ. ಎಂಜಿನ್ ಕಡೆಯ ಲಗ್ಗಿನಿಂದ ಎರಡು ಬೆರಳು ಹಿಂದೆ ಒತ್ತಿದಾಗ ಮಾತ್ರ ಕೊಳೆತ ಹಣ್ಣಿನಂತೆ ಮೆತ್ತಗಿತ್ತು. ಚಾಕುವಿನಿಂದ ಸೀಳಿದೆ. ಒಳಗಿನಿಂದ ಹಸಿರು ಪುಡಿ ಉದುರಿತು. ಎಳೆಗಳನ್ನು ಒಂದೊಂದಾಗಿ ಬಿಡಿಸಿದೆ, ನೂರಾರು ಎಳೆಗಳಲ್ಲಿ ಹೊಳೆಯುತ್ತಿದ್ದದ್ದು ಏಳು. ಅವೂ ತುದಿಯಲ್ಲಿ ಕರಕಲಾಗಿದ್ದವು.

ಶಿವಮೊಗ್ಗ ಡೀಸೆಲ್ ಮೆಕ್ಯಾನಿಕ್:
ಬಹಳ ಸಂತೋಷ. ಹಲ್ಲಿನ ಬಗ್ಗೆ ನನ್ನ ಅನುಮಾನ ತಪ್ಪಾಗಿತ್ತು. ಒಂದು ಅರ್ಥವಾಗಲಿಲ್ಲ. ಅರ್ಥ್ ಕೇಬಲ್ಲೇ ದೋಷವಾಗಿದ್ದರೆ ಹೊಸ ಸೆಲ್ಫ್ ಹಾಕಿದಾಗ ಹದಿನೈದು ದಿನ ಏಕೆ ಸರಿಯಿತ್ತು?

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್:
ಆ ಕೇಬಲ್ಲಿನ ಎಂಜಿನ್ ಕಡೆಯ ತುದಿ ಯಾವ ಬೋಲ್ಟಿನಲ್ಲಿತ್ತು ಎಂದು ಕೇಳಿ. ಹಲವು ಗಾಡಿಗಳಲ್ಲಿ ಅದು ಸೆಲ್ಫನ್ನು ಹಿಡಿದ ಬೋಲ್ಟೇ ಆಗಿರುತ್ತದೆ, ಇಲ್ಲವೆ ಅದರ ಪಕ್ಕದ್ದು. ಸೆಲ್ಫ್ ಬದಲಿಸುವಾಗ ಕೇಬಲನ್ನು ಬಿಚ್ಚಿ, ತಿರುಚಿ, ಮತ್ತೆ ಬಿಗಿಯುತ್ತಾರೆ. ತುಂಡಾದ ಎಳೆಗಳು ಒಂದಕ್ಕೊಂದು ತಾಗಿಕೊಳ್ಳುತ್ತವೆ. ಹದಿನೈದು ದಿನದ ಅಲುಗಾಟಕ್ಕೆ ಮತ್ತೆ ಬಿಡುತ್ತವೆ. ಸರಿಮಾಡಿದ್ದು ಹೊಸ ಸೆಲ್ಫ್ ಅಲ್ಲ, ಆ ಬೋಲ್ಟನ್ನು ಬಿಚ್ಚಿ ಬಿಗಿದದ್ದು. ಬಿಸಿಗೆ ಲೋಹ ಹಿಗ್ಗಿ ಎಳೆಗಳು ದೂರವಾಗುತ್ತಿದ್ದವು, ತಣಿದಾಗ ಮತ್ತೆ ಕೂಡುತ್ತಿದ್ದವು.

ರಾಣೆಬೆನ್ನೂರು ಲಾರಿ:
ಸೆಲ್ಫಿನ ಕೆಳಗಿನ ಬೋಲ್ಟಿನಲ್ಲಿಯೇ ಇತ್ತು. ಹೌದು, ಅಷ್ಟೇ.

ಹೊಸ ಕೇಬಲ್ 70 ಚದರ ಮಿಲಿಮೀಟರಿನದು ಹಾಕಿಸಿದೆ, ಲಗ್ಗನ್ನು ಸುತ್ತಿಗೆಯಿಂದ ಬಡಿಯದೆ ಪ್ರೆಸ್ಸಿನಲ್ಲಿ ಒತ್ತಿಸಿದೆ. ಎರಡೂ ಕಡೆ ಬಣ್ಣ ಕೆರೆದು ಕಬ್ಬಿಣ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಇಟ್ಟು ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಕೂಲಿ ಸೇರಿ ಸಾವಿರದ ಇನ್ನೂರು ರೂಪಾಯಿ. ಈಗ ಸೆಲ್ಫ್ ಹೊಡೆಯುವಾಗ ಮೈನಸ್ ಕಂಬದಿಂದ ಬ್ಲಾಕಿಗೆ 0.2 ತೋರಿಸುತ್ತದೆ. ಇನ್ನೊಂದು ಬದಲಾವಣೆ ಕಂಡಿತು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಮೊದಲು 26.9 ಇರುತ್ತಿತ್ತು, ಈಗ 28. ಡೈನಮೋದ ಕರೆಂಟು ಮರಳುವ ದಾರಿಯೂ ಅದೇ ಕೇಬಲ್ಲಂತೆ.

ವಿಜಯಪುರ ಟ್ರೇಲರ್:
ಎಲ್ಲವನ್ನೂ ಓದಿದೆ. ನನ್ನದು 2021ರ ಬಿಎಸ್-6 ಗಾಡಿ. ಕೆಲವೊಮ್ಮೆ ಕೀಲಿ ತಿರುಗಿಸಿದರೆ ಟಕ್ ಎಂದೂ ಅನ್ನುವುದಿಲ್ಲ, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಸರಿಯಾಗಿ ಉರಿಯುತ್ತವೆ. ನಾನೂ ಅರ್ಥ್ ಕೇಬಲ್ ಬದಲಿಸಲೇ?

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್:
ಬೇಡ, ನಿಮ್ಮದು ಬೇರೆ ದಾರಿ. ಇಂಥ ಹೊಸ ಗಾಡಿಗಳಲ್ಲಿ ಬಹುಪಾಲು ಸೆಲ್ಫ್ ರಿಲೇಗೆ ಅಪ್ಪಣೆ ಕೊಡುವುದು ಎಂಜಿನ್ನಿನ ಕಂಪ್ಯೂಟರ್. ಗೇರು ನ್ಯೂಟ್ರಲ್‌ನಲ್ಲಿದೆ ಅಥವಾ ಕ್ಲಚ್ ಒತ್ತಿದೆ ಎಂಬ ಸುದ್ದಿ ಸ್ವಿಚ್ಚಿನಿಂದ ಬಾರದಿದ್ದರೆ ಅದು ಅಪ್ಪಣೆ ಕೊಡುವುದಿಲ್ಲ. ಮುಂದಿನ ಸಲ ಹಾಗಾದಾಗ ಕೀಲಿಯನ್ನು ಹಿಡಿದುಕೊಂಡೇ ಗೇರ್ ಲಿವರನ್ನು ನ್ಯೂಟ್ರಲ್‌ನಲ್ಲಿಯೇ ಎಡಕ್ಕೆ ಬಲಕ್ಕೆ ಅಲುಗಾಡಿಸಿ, ಕ್ಲಚ್ಚನ್ನು ಪೂರ್ತಿ ಒತ್ತಿ ಬಿಟ್ಟು ಮತ್ತೆ ಒತ್ತಿ. ಹ್ಯಾಂಡ್ ಬ್ರೇಕ್ ಹಾಕಿರಲಿ, ಮುಂದೆ ಯಾರೂ ನಿಂತಿರಬಾರದು. ಅದಕ್ಕೆ ಹತ್ತಿಕೊಂಡರೆ ಯಾವುದನ್ನು ಅಲುಗಾಡಿಸಿದಾಗ ಹತ್ತಿತು ಎಂಬುದನ್ನು ಇಲ್ಲಿ ಬರೆಯಿರಿ.